ಮಿಂಚು ಹೇಳಿದ ಮಾತು

ಕನ್ನಡಕದ ಅಂಗಡಿಯವರಿಗೆ ಹಸಿವಾಗಬೇಕಾದರೆ ಹೊಟ್ಟೆಗಿಂತ ಮೊದಲು ಗಡಿಯಾರ ಹೇಳಬೇಕು ಎಂದು ಅವರ ಹೆಂಡತಿ ಆಡಿಕೊಳ್ಳುತ್ತಿದ್ದರು. ಸಂಜೆ ಏಳಾಯಿತೆಂದರೆ ಕೈಯಲ್ಲಿದ್ದ ಫ್ರೇಮನ್ನು ಅರ್ಧಕ್ಕೇ ಬಿಟ್ಟು, ಸಾಸಿವೆಯಂಥ ಸ್ಕ್ರೂಗಳನ್ನು ಡಬ್ಬಿಯ ಮುಚ್ಚಳಕ್ಕೆ ಸುರಿದು, ಷಟರ್ ಎಳೆದು ಹೊರಟುಬಿಡುತ್ತಿದ್ದರು. ಗಿರಾಕಿ ಬಾಗಿಲಲ್ಲೇ ನಿಂತಿದ್ದರೂ ಅಷ್ಟೆ, ನಾಳೆ ಬನ್ನಿ. ಈ ಅವಸರವೆಲ್ಲ ಬೇಸಿಗೆಯಲ್ಲಿ ಮಾತ್ರ. ರಜೆ ಬಂತೆಂದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ತನ್ನ ತಾಯಿಯ ಮನೆಗೆ ಹೋಗುತ್ತಿದ್ದರು. ಮಕ್ಕಳು ಕಾಲೇಜಿಗೆ ಬಂದ ಮೇಲೂ ಅದು ತಪ್ಪಿರಲಿಲ್ಲ. ಮನೆಯಲ್ಲಿ ಒಲೆ ಹಚ್ಚುವವರಿಲ್ಲ, ಇವರಿಗೆ ನೀರು ಕಾಯಿಸುವುದೂ ಬಾರದು. ಮೂಲೆಯ ಹೋಟೆಲೇ ಗತಿ. ಗತಿ ಎಂದು ಬಾಯಲ್ಲಿ ಗೊಣಗುತ್ತಿದ್ದರೇ ಹೊರತು, ವರ್ಷವಿಡೀ ಅವರು ಎದುರುನೋಡುತ್ತಿದ್ದದ್ದು ಈ ಎರಡು ತಿಂಗಳನ್ನೇ.

ಹೋಟೆಲಿನಲ್ಲಿ ಇದ್ದದ್ದು ನಾಲ್ಕಾರು ಮೇಜು, ಎರಡು ಫ್ಯಾನು. ಅದರಲ್ಲಿ ಒಂದು ಬರೀ ಸದ್ದು ಮಾಡುತ್ತಿತ್ತು. ಇನ್ನೊಂದು ಗಾಳಿ ಕೊಡುತ್ತಿತ್ತು. ಗಾಳಿ ಕೊಡುವ ಫ್ಯಾನಿನ ಕೆಳಗಿನ ಮೇಜಿನಲ್ಲಿ, ಗೋಡೆಗೆ ಬೆನ್ನು ಹಾಕಿ ಅವರು ಕೂರುತ್ತಿದ್ದರು. ಎದುರಿನ ಕುರ್ಚಿಯಲ್ಲಿ ಅವರ ಸ್ವಂತ ತಮ್ಮ. ಡ್ರೈವಿಂಗ್ ಸ್ಕೂಲ್ ನಡೆಸುವವನು. ಒಂದೇ ಮನೆಯಲ್ಲಿ ಅಣ್ಣ ಮೇಲೆ, ತಮ್ಮ ಕೆಳಗೆ. ಅವನ ಹೆಂಡತಿಯೂ ಬೇಸಿಗೆಗೆ ತಾಯಿಯ ಮನೆಗೇ ಹೋಗುತ್ತಿದ್ದುದರಿಂದ ಅವನಿಗೂ ಇದೇ ಹೋಟೆಲು, ಇದೇ ಫ್ಯಾನು. ಇಬ್ಬರೂ ಚಿಕ್ಕವರಿದ್ದಾಗ ಅಪ್ಪನ ಎರಡು ಕೈ ಹಿಡಿದುಕೊಂಡು ಬಂದು ಕೂರುತ್ತಿದ್ದದ್ದೂ ಇದೇ ಮೇಜಿಗೆ.

ಇಷ್ಟೇ ಆಗಿದ್ದರೆ ಹೇಳುವುದಕ್ಕೇನಿತ್ತು. ಅಣ್ಣ ತಮ್ಮಂದಿರು ಮಾತು ಬಿಟ್ಟು ಹತ್ತು ವರ್ಷದ ಮೇಲಾಗಿತ್ತು.

ಮಾತು ಬಿಟ್ಟಿದ್ದರು ಎಂದರೆ ಪೂರ್ತಿ ಸರಿಯಲ್ಲ. ನೇರವಾಗಿ ಆಡುತ್ತಿರಲಿಲ್ಲ ಅಷ್ಟೆ. ಮಧ್ಯೆ ಹೋಟೆಲಿನ ಸಪ್ಲಾಯರ್ ನಿಂತಿರುತ್ತಿದ್ದ. ಆಮೆಗಿಂತ ಒಂದು ಹೆಜ್ಜೆ ಹಿಂದೆಯೇ ನಡೆಯುವ ಆ ಮನುಷ್ಯನಿಗೆ ಯಾರೋ ಪುಣ್ಯಾತ್ಮರು ಮಿಂಚು ಎಂದು ಹೆಸರಿಟ್ಟಿದ್ದರು. ಅಣ್ಣ ತಟ್ಟೆ ನೋಡುತ್ತ ಮಿಂಚುವಿಗೆ ಹೇಳಬೇಕು, ಮಿಂಚು ಅದನ್ನು ತಮ್ಮನಿಗೆ ಹೇಳಬೇಕು. ನಡುವಿನ ದೂರ ಮೊಳಕ್ಕಿಂತ ಹೆಚ್ಚಿರಲಿಲ್ಲ, ಇಬ್ಬರ ಕಿವಿಗಳೂ ಚೆನ್ನಾಗಿಯೇ ಇದ್ದವು. ಆದರೂ ಮಿಂಚು ಹೇಳುವ ತನಕ ಮಾತು ತಲುಪಿದ ಲೆಕ್ಕವಲ್ಲ.

"ಅವನಿಗೆ ಹೇಳು, ಗೇಟಿಗೆ ಅಡ್ಡ ಕಾರು ನಿಲ್ಲಿಸ್ತಾನಲ್ಲ, ಕಣ್ಣು ಕಾಣಲ್ವಾ ಅಂತ," ಎಂದು ಒಂದು ಸಲ ಅಣ್ಣ ಸಿಡುಕಿದರು.

ಮಿಂಚು ಹೆಗಲ ಮೇಲಿನ ಬಟ್ಟೆಯನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡು ತಮ್ಮನ ಕಡೆ ತಿರುಗಿದ. "ಚಿಕ್ಕೋರೇ, ಕಾರು ಒಂಚೂರು ಆಚೆ ನಿಂತ್ರೆ ಅಣ್ಣನಿಗೆ ಓಡಾಡೋಕೆ ಅನುಕೂಲ ಆಗುತ್ತಂತೆ."

"ಅವರಿಗೆ ಹೇಳು, ಊರೋರಿಗೆಲ್ಲ ಕನ್ನಡಕ ಹಾಕೋರು ಮೊದಲು ತಮ್ಮದನ್ನ ಒರೆಸ್ಕೊಳ್ಲಿ ಅಂತ."

"ದೊಡ್ಡೋರೇ, ನಾಳೆಯಿಂದ ಆಚೆ ನಿಲ್ಲಿಸ್ತಾರಂತೆ."

ಸುತ್ತಲಿನ ಮೇಜಿನವರು ತುತ್ತು ಬಾಯಿಗಿಡುವುದನ್ನು ಮರೆತು ಕೇಳುತ್ತಿದ್ದರು. ಮರುದಿನ ಬೆಳಿಗ್ಗೆ ನೋಡಿದರೆ ಕಾರು ಆಚೆ ನಿಂತಿತ್ತು. ಅಣ್ಣ ಅದರ ಪಕ್ಕದಲ್ಲೇ ಏನೂ ಆಗದವರಂತೆ ನಡೆದು ಅಂಗಡಿಗೆ ಹೋದರು. ಆ ಮೇಜಿನ ಕಟ್ಟಳೆ ಅದು. ಯಾರು ಏನು ಅಂದರು ಎನ್ನುವುದನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮಿಂಚು ಏನು ಹೇಳಿದ ಎನ್ನುವುದೇ ಲೆಕ್ಕ. ಮಿಂಚು ಒಪ್ಪಿಸಿದ ಮಾತನ್ನು ನಾನು ಹಾಗೆ ಅನ್ನಲಿಲ್ಲ ಎಂದು ಇಬ್ಬರಲ್ಲಿ ಒಬ್ಬರೂ ಒಮ್ಮೆಯೂ ತೆಗೆದುಹಾಕಿದವರಲ್ಲ.

ಜಗಳ ಹುಟ್ಟಿದ್ದು ಏರ್ ಕೂಲರಿನಿಂದ. ಹೇಳಿದರೆ ನಗುತ್ತಾರೆ ಎಂದು ಕನ್ನಡಕದವರು ಯಾರಿಗೂ ಹೇಳುತ್ತಿರಲಿಲ್ಲ. ಒಂದು ಕಾಲದಲ್ಲಿ ಬೇಸಿಗೆಯೆಂದರೆ ಆ ಮನೆಯ ತಾರಸಿ. ಸಂಜೆ ಎರಡು ಕೊಡ ನೀರು ಚೆಲ್ಲಿದರೆ ನೆಲ ಉಸ್ ಎಂದು ಆವಿ ಬಿಟ್ಟು ತಣ್ಣಗಾಗುತ್ತಿತ್ತು. ಉದ್ದಕ್ಕೂ ಹಾಸಿಗೆ. ಊರಿಂದ ಬಂದ ತಂಗಿ, ಅವಳ ಮಕ್ಕಳು, ಇವರಿಬ್ಬರ ಮಕ್ಕಳು, ನಡುವೆ ಅಮ್ಮ. ಅಮ್ಮನ ಎಡಗಡೆ ಯಾರು ಬಲಗಡೆ ಯಾರು ಎಂದು ದಿನಾ ಒಂದು ರಂಪ. ಒದೆಯುವವರು, ಹಲ್ಲು ಕಡಿಯುವವರು, ನಿದ್ದೆಯಲ್ಲಿ ಲೆಕ್ಕದ ಮಗ್ಗಿ ಹೇಳುವವರು ಎಲ್ಲರೂ ಒಂದೇ ಸಾಲಿನಲ್ಲಿ. ಆ ಸಾಲಿನ ಕೊನೆಗೆ ಮಲಗಿ ಎಲ್ಲರ ಉಸಿರು ಕೇಳುವುದಕ್ಕಿಂತ ದೊಡ್ಡ ಸುಖವನ್ನು ಕನ್ನಡಕದವರು ಈವರೆಗೂ ಕಂಡಿರಲಿಲ್ಲ.

ಒಂದು ಬೇಸಿಗೆಯಲ್ಲಿ ತಮ್ಮ ಯಾರನ್ನೂ ಕೇಳದೆ ಕೂಲರ್ ತಂದು ಕೆಳಗಿನ ಕೋಣೆಯಲ್ಲಿಟ್ಟ. ಮೊದಲು ಅವನ ಮಕ್ಕಳು ಕೆಳಗಿಳಿದರು, ಆಮೇಲೆ ತಂಗಿಯ ಮಕ್ಕಳು. ಕೊನೆಗೆ ಅಮ್ಮನೂ ತಲೆದಿಂಬು ಕಂಕುಳಲ್ಲಿಟ್ಟುಕೊಂಡು ಇಳಿದುಬಿಟ್ಟರು. ಅಣ್ಣನಿಗೆ ಎಲ್ಲಿಲ್ಲದ ಸಿಟ್ಟು ಬಂತು. ತಣ್ಣನೆ ಗಾಳಿಯ ಆಸೆ ತೋರಿಸಿ ಅಮ್ಮನನ್ನು ಕಿತ್ತುಕೊಂಡ ಎಂದು ಎಲ್ಲರೆದುರು ಅಂದುಬಿಟ್ಟರು. ಅಮ್ಮನಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ, ಅದು ನಿನ್ನ ಕಣ್ಣಿಗೆ ಬಿದ್ದಿಲ್ಲವಲ್ಲ ಎಂದು ತಮ್ಮನೂ ಅಂದ. ಅದು ನಿಜವಾಗಿತ್ತು. ನಿಜವಾಗಿದ್ದರಿಂದಲೇ ಅಣ್ಣನಿಗೆ ತಡೆಯಲಾಗಲಿಲ್ಲ. ಮರುವರ್ಷ ಬೇಸಿಗೆ ಬರುವಷ್ಟರಲ್ಲಿ ಅಮ್ಮ ಇರಲಿಲ್ಲ. ಆಮೇಲೆ ಅಣ್ಣ ಆ ಕೆಳಗಿನ ಕೋಣೆಗೆ ಕಾಲಿಟ್ಟಿರಲಿಲ್ಲ. ಇಬ್ಬರ ಹೆಂಡತಿ ಮಕ್ಕಳೂ ಬೇಸಿಗೆಗೆ ಊರಿಗೆ ಹೋಗತೊಡಗಿದ್ದು ಆಮೇಲೆಯೇ.

ಹೀಗೆ ಮನೆಯಲ್ಲಿ ಮುಗಿದದ್ದು ಹೋಟೆಲಿನಲ್ಲಿ ಹೇಗೋ ಉಸಿರಾಡುತ್ತಿತ್ತು. ಆದರೆ ಹೋಟೆಲುಗಳೇ ಒಂದೊಂದಾಗಿ ಬೀದಿ ಬಿಡುತ್ತಿದ್ದವು. ಅಂಗಡಿಯ ಗಾಜಿನ ಹಿಂದೆ ಕೂತು ಕನ್ನಡಕದವರು ಅದನ್ನು ನೋಡಿದ್ದರು. ಬಸ್ ನಿಲ್ದಾಣದ ಎದುರಿನದು ಮೊಬೈಲ್ ಕವರ್ ಮಾರುವ ಅಂಗಡಿಯಾಯಿತು. ಗಂಡ ಹೆಂಡತಿ ನಡೆಸುತ್ತಿದ್ದ ಪುಟ್ಟ ಹೋಟೆಲಿದ್ದ ಕಡೆ ಈಗ ಜಿಮ್ಮು, ಜನ ದುಡ್ಡು ಕೊಟ್ಟು ಬೆವರು ಸುರಿಸಿ ಹೋಗುತ್ತಾರೆ. ಹಿಂದಿನ ಓಣಿಯಲ್ಲಿ ಹೊಸದೊಂದು ಅಡುಗೆಮನೆ ಬಂದಿದೆ, ಅದರಲ್ಲಿ ಕೂರುವುದಕ್ಕೆ ಒಂದು ಸ್ಟೂಲೂ ಇಲ್ಲ. ಬೈಕಿನವರು ಬಂದು ಪೊಟ್ಟಣ ಹಿಡಿದು ಹೋಗುತ್ತಾರೆ. ಊಟ ಮನೆಬಾಗಿಲಿಗೆ ಬರುತ್ತದೆ, ಒಳ್ಳೆಯದೇ. ಆದರೆ ಮನೆಯಲ್ಲಿ ಮಾತಿಲ್ಲದವರು ಎಲ್ಲಿಗೆ ಹೋಗಿ ಕೂರಬೇಕು ಎನ್ನುವುದು ಅವರಿಗೆ ಬಗೆಹರಿಯುತ್ತಿರಲಿಲ್ಲ. ಹೋಟೆಲೆಂದರೆ ಹೊಟ್ಟೆಪಾಡಿನ ಜಾಗ ಎಂದುಕೊಂಡವರಿಗೆ ಇದೆಲ್ಲ ತಲೆಗೆ ಹೋಗುವುದಿಲ್ಲ ಎಂದು ಅವರಿಗೆ ಒಳಗೊಳಗೇ ರೇಗುತ್ತಿತ್ತು.

ಈ ಬೇಸಿಗೆ ಮೂಲೆ ಹೋಟೆಲಿನ ಸರದಿ ಬಂತು. ಗಲ್ಲಾದಲ್ಲಿ ಕೂತ ಮಾಲೀಕರು ಚಿಲ್ಲರೆ ಕೊಡುತ್ತ, ತಿಂಗಳ ಕೊನೆಗೆ ಬಾಗಿಲು ಹಾಕುತ್ತೇನೆ, ಕಾಲು ಮಾತು ಕೇಳುತ್ತಿಲ್ಲ ಎಂದರು. ಅಣ್ಣ ತಮ್ಮ ಇಬ್ಬರೂ ಆ ದಿನ ಮಿಂಚುವಿಗೆ ಕೆಲಸ ಕೊಡದೆ ಉಂಡರು.

ಅದಾಗಿ ಮೂರು ನಾಲ್ಕು ದಿನಕ್ಕೆ, ಊಟದ ಮಧ್ಯೆ ತಮ್ಮ ಕೈ ನಿಲ್ಲಿಸಿದ. "ಅವರಿಗೆ ಹೇಳು, ರಜೆ ಮುಗಿಯೋದ್ರೊಳಗೆ ನಾವು ಬೇರೆ ಮನೆಗೆ ಹೋಗ್ತಿದ್ದೀವಿ ಅಂತ. ಊರಾಚೆ ನೋಡಿದ್ದೀವಿ."

ಅಣ್ಣ ತಟ್ಟೆಯಿಂದ ಕಣ್ಣು ತೆಗೆಯದೆ, ಮಿಂಚು ಇದನ್ನು ಹೇಗೆ ತಿರುಗಿಸುತ್ತಾನೋ ಎಂದು ಕಾದರು. ಮಿಂಚು ಬಟ್ಟೆಯನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ. ಮತ್ತೆ ಮೊದಲಿನ ಹೆಗಲಿಗೇ ಹಾಕಿಕೊಂಡ. ಆಮೇಲೆ ನೀರು ತರುತ್ತೇನೆ ಎಂದು ಒಳಗೆ ಹೋದವನು ಬರಲೇ ಇಲ್ಲ.

ಮಾತು ಅಲ್ಲೇ ಮೇಜಿನ ಮೇಲೆ ಬಿದ್ದುಕೊಂಡಿತು. ತಮ್ಮ ಹೇಳಿಯಾಗಿತ್ತು, ಅಣ್ಣನಿಗೆ ತಲುಪಿರಲಿಲ್ಲ. ತಲುಪದ ಮಾತಿಗೆ ಉತ್ತರ ಕೊಡುವುದು ಹೇಗೆ? ಮಾರನೆಯ ಬೆಳಿಗ್ಗೆ ಕನ್ನಡಕದವರು ಮರ್ಯಾದೆ ಬಿಟ್ಟು ಹೋಟೆಲಿನ ಹಿಂಬಾಗಿಲಿಗೇ ಹೋದರು. ಮಿಂಚು ತರಕಾರಿ ತೊಳೆಯುತ್ತಿದ್ದ. ನಿನ್ನೆ ನನ್ನ ತಮ್ಮ ಏನೋ ಹೇಳಿದ ಹಾಗಿತ್ತಲ್ಲ ಎಂದು ಏನೂ ಅರಿಯದವರಂತೆ ಕೇಳಿದರು.

"ಅದು ನನ್ನ ಕೈಲಾಗಲ್ಲ ದೊಡ್ಡೋರೇ," ಎಂದ ಮಿಂಚು, ತಲೆಯೆತ್ತದೆ. "ಇಷ್ಟು ವರ್ಷ ನೀವು ಅಂದದ್ದು ಬಿಟ್ಟು ನಿಮ್ಮ ಮನಸಲ್ಲಿದ್ದದ್ದನ್ನ ಹೇಳ್ತಾ ಬಂದೆ. ಇದರಲ್ಲಿ ಅವರ ಮನಸಲ್ಲಿ ಏನಿದೆ ಅಂತ ನಂಗೆ ತಿಳೀಲಿಲ್ಲ. ನೀವೇ ಕೇಳಿ."

ಕೇಳುವುದಂತೆ. ಒಂದೇ ಮೆಟ್ಟಿಲಲ್ಲಿ ದಿನಾ ಎದುರಾದರೂ ಕೇಳಲಾಗಲಿಲ್ಲ. ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡು, ತಮ್ಮ ಹೋದ ಮೇಲೆ ಚಪ್ಪಲಿ ಸರಿ ಮಾಡಿಕೊಂಡು ನಿಲ್ಲುತ್ತಿದ್ದರು. ಕೆಳಗಿನಿಂದ ಡಬ್ಬಗಳಿಗೆ ಅಂಟುಪಟ್ಟಿ ಎಳೆಯುವ ಸದ್ದು ಬರತೊಡಗಿತು. ಅವನು ಹೋದರೆ ಬೇಸಿಗೆಯಲ್ಲಿ ಆ ಮನೆಯೊಳಗೆ ತನ್ನದೊಬ್ಬನದೇ ಉಸಿರು ಎಂಬ ಯೋಚನೆಗೆ ಅವರ ಕೈಯಲ್ಲಿದ್ದ ಸ್ಕ್ರೂ ಜಾರಿ ಜಾರಿ ಬೀಳುತ್ತಿತ್ತು. ಕೊನೆಯ ದಿನ ಮಿಂಚುವನ್ನು ಹೇಗಾದರೂ ಒಪ್ಪಿಸಿ, ಹೋಗಬೇಡ ಎಂಬ ಒಂದು ಮಾತು ದಾಟಿಸಿಬಿಡಬೇಕು ಎಂದುಕೊಂಡರು.

ಕೊನೆಯ ದಿನ ಮಿಂಚು ಇರಲಿಲ್ಲ. ಬೆಳಿಗ್ಗೆಯೇ ಮಗಳ ಮನೆಗೆ ಹೊರಟುಹೋದನೆಂದು ಮಾಲೀಕರು ಹೇಳಿದರು. ಎಲ್ಲರಿಗೂ ಹೇಳಿ ಹೋಗುವುದು ಅವನಿಗೆ ಆಗದಂತೆ. ಬದುಕಿನಲ್ಲಿ ಅವನು ಅವಸರ ಮಾಡಿದ್ದು ಅದೊಂದೇ ಸಲವಿರಬೇಕು. ಆಗಲೇ ಕೆಲವು ಮೇಜುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಸದ್ದಿನ ಫ್ಯಾನನ್ನು ಬಿಚ್ಚಿಯಾಗಿತ್ತು. ಗಾಳಿಯ ಫ್ಯಾನು ಮಾತ್ರ ತಿರುಗುತ್ತಿತ್ತು. ಅದರ ಕೆಳಗೆ ತಮ್ಮ ಆಗಲೇ ಬಂದು ಕೂತಿದ್ದ. ಮಾಲೀಕರು ತಾವೇ ಎರಡು ತಟ್ಟೆ ತಂದಿಟ್ಟು, ಹೆಗಲ ಬಟ್ಟೆಯನ್ನು ಮೇಜಿನ ಅಂಚಿಗೆ ಹಾಕಿ, ಕುಂಟುತ್ತ ಗಲ್ಲಾಕ್ಕೆ ಹೋದರು.

ಇಬ್ಬರೂ ಸ್ವಲ್ಪ ಹೊತ್ತು ಉಂಡರು. ಅಣ್ಣ ಮಿಂಚು ನಿಲ್ಲುತ್ತಿದ್ದ ಜಾಗವನ್ನೇ ನೋಡಿದರು. ಅಲ್ಲಿ ನೆಲದ ಹಾಸು ಸವೆದು ಬೆಳ್ಳಗಾಗಿತ್ತು. ಹೋಗಬೇಡ ಎನ್ನುವ ಮಾತನ್ನು ನಾಲಗೆಯ ಮೇಲಿಟ್ಟುಕೊಂಡೇ ಬಂದಿದ್ದರು. ಬಾಯಿ ತೆರೆದರೆ ಬಂದದ್ದು ಬೇರೆಯೇ.

"ಅವನಿಗೆ ಹೇಳು," ಎಂದರು, ಆ ಖಾಲಿ ಜಾಗಕ್ಕೆ. "ಹೋಗೋದಾದ್ರೆ ಆ ಹಾಳು ಕೂಲರನ್ನೂ ಹೊತ್ಕೊಂಡು ಹೋಗ್ಲಿ ಅಂತ."

ಹೇಳಿದ ಮೇಲೆ ಅಣ್ಣನಿಗೆ ನಾಲಗೆ ಕಚ್ಚಿಕೊಳ್ಳಬೇಕೆನಿಸಿತು. ಇದನ್ನು ತಿದ್ದುವವನು ಇರಲಿಲ್ಲ. ತಮ್ಮ ಕೈ ತೊಳೆಯಲು ಎದ್ದು ಹೋಗಿಬಿಡುತ್ತಾನೆ ಎಂದುಕೊಂಡರು. ಅವನು ಏಳಲಿಲ್ಲ. ಎದುರಿನ ಲೋಟವನ್ನು ಸರಿಸಿ, ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿ, ಮಿಂಚುವಿನದೇ ಎಳೆದೆಳೆದ ದನಿಯಲ್ಲಿ ಹೇಳಿದ.

"ಚಿಕ್ಕೋರೇ, ನೀವು ಹೋದ್ರೆ ಮನೇಲಿ ಅಣ್ಣನಿಗೆ ಒಬ್ರಿಗೇ ಇರೋಕಾಗಲ್ವಂತೆ."

ಗಲ್ಲಾದಲ್ಲಿ ನೋಟು ಎಣಿಸುತ್ತಿದ್ದ ಮಾಲೀಕರ ಕೈ ನಿಂತಿತು. ಕನ್ನಡಕದವರ ಗಾಜು ಮಂಜಾಯಿತು. ಇಷ್ಟು ವರ್ಷ ಮಿಂಚು ಹೇಳಿದ್ದನ್ನು ಎದೆಗೆ ಹಾಕಿಕೊಂಡದ್ದು ತಾವೊಬ್ಬರೇ ಎಂದು ಅವರು ತಿಳಿದಿದ್ದರು.

ಆದರೆ ತಮ್ಮನೂ ಅದೇ ಮನೆಯ ಮಗ. ಒಂದು ಸಲ ಮೆತ್ತಗಾದವನು ಮರುಗಳಿಗೆಗೆ ಗಡುಸಾದ. ಅದೇ ಖಾಲಿ ಜಾಗಕ್ಕೆ ತಿರುಗಿ ತನ್ನ ಸ್ವಂತ ದನಿಯಲ್ಲಿ ಉತ್ತರ ಕೊಟ್ಟ. "ಅವರಿಗೆ ಹೇಳು, ಇಷ್ಟನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ಅಂತ. ಈಗ ಹೊಸ ಮನೆ ಓನರಿಗೆ ಮಾತು ಕೊಟ್ಟಾಗಿದೆ. ಸಾಮಾನು ಕಟ್ಟಾಗಿದೆ."

ಕನ್ನಡಕದವರು ಎದ್ದರು. ಅವರ ಹೊಟ್ಟೆ ಮೇಜಿಗೆ ತಗುಲಿ ನೀರು ಚೆಲ್ಲಿತು. ಮೇಜಿನ ಅಂಚಿನಲ್ಲಿದ್ದ ಬಟ್ಟೆಯನ್ನು ತೆಗೆದು ಹೆಗಲಿಗೆ ಹಾಕಿಕೊಂಡರು. ಆ ಸವೆದ ಜಾಗದಲ್ಲಿ ಹೋಗಿ ನಿಂತರು. ಬಟ್ಟೆಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿಕೊಂಡು, ತಾವು ಈಗಷ್ಟೇ ಬಿಟ್ಟೆದ್ದ ಖಾಲಿ ಕುರ್ಚಿಗೆ ಬಗ್ಗಿ ಹೇಳಿದರು. ಮಿಂಚುವಿನ ದನಿ ಅವರಿಗೆ ಬರಲಿಲ್ಲ, ಸ್ವಂತ ದನಿಯೇ ಬಂತು.

"ದೊಡ್ಡೋರೇ, ನಿಮ್ಮ ತಮ್ಮ ಹೋಗೋದಿಲ್ವಂತೆ."

ತಮ್ಮ ಆ ಖಾಲಿ ಕುರ್ಚಿಯನ್ನು ನೋಡಿದ. ಹೆಗಲ ಮೇಲೆ ಎಣ್ಣೆ ಬಟ್ಟೆ ಹಾಕಿಕೊಂಡು, ಬೀದಿಯಲ್ಲೆಲ್ಲ ಗತ್ತಿನವರೆಂದು ಹೆಸರಾಗಿ, ಈಗ ಎದುರಿಗೆ ಸಪ್ಲಾಯರನಂತೆ ನಿಂತಿದ್ದ ಅಣ್ಣನನ್ನು ನೋಡಿದ.  ತಾನು ಹಾಗೆ ಅನ್ನಲಿಲ್ಲ ಎಂದು ಹೇಳಬಹುದಿತ್ತು, ಹೇಳಿದ್ದರೆ ಅದು ನಿಜವೇ ಆಗಿರುತ್ತಿತ್ತು.

"ಮಿಂಚು ಹೇಳಿದ ಮೇಲೆ ಮುಗೀತಲ್ಲ," ಎಂದ ಕೊನೆಗೆ. ಆಮೇಲೆ ನೇರವಾಗಿ ಮುಖ ನೋಡಿದ. "ಕೂತ್ಕೋ ಅಣ್ಣ, ಊಟ ಆರ್ತಿದೆ. ಆದರೆ ನನ್ನ ಹೆಂಡ್ತಿ ಊರಿಂದ ಬಂದ ದಿನ, ನಾವು ಹೋಗ್ತಿಲ್ಲ ಅಂತ ಅವಳಿಗೆ ನೀನೇ ಹೇಳ್ಬೇಕು. ಕೆಳಗೆ ಬಂದು, ಕೋಣೇಲಿ ಕೂತು."

ಅಣ್ಣ ಹೆಗಲ ಬಟ್ಟೆಯಿಂದ ಮೇಜಿನ ಮೇಲೆ ಚೆಲ್ಲಿದ ನೀರನ್ನು ಒರೆಸಿ ಕೂತರು.

"ಬರ್ತೀನಿ," ಎಂದರು ತಮ್ಮನಿಗೆ.