ಅತ್ತಿಗೆಗೆ ನೆರಳು ಕೊಟ್ಟ ಮರ

ಬಸ್ಸು ಓಡಿಸುತ್ತಲೇ ಆಯುಷ್ಯ ಸವೆಸಿದ ಅವನನ್ನು ಬೀದಿಯವರೆಲ್ಲ ಹಾರ್ನಪ್ಪ ಅನ್ನುತ್ತಿದ್ದರು. ರಸ್ತೆಯಲ್ಲಿ ಯಾರಿಗೂ ದಾರಿ ಬಿಟ್ಟವನಲ್ಲ. ನಿವೃತ್ತನಾದ ಮೇಲೆ ಮನೆಯಲ್ಲೂ ಬಿಡಲಿಲ್ಲ. ಪಕ್ಕದ ಮನೆಯಲ್ಲಿದ್ದವಳು ತೀರಿಕೊಂಡ ಅಣ್ಣನ ಹೆಂಡತಿ, ಬಟ್ಟೆ ಹೊಲಿಯುವವಳು. ನಡುವೆ ಒಂದೇ ಗೋಡೆ. ಮಾತು ನಿಂತು ವರ್ಷಗಳಾಗಿದ್ದವು, ಬೈಗುಳ ಮಾತ್ರ ನಿಂತಿರಲಿಲ್ಲ.

ಮರ ಇದ್ದದ್ದು ಅವನ ಹಿತ್ತಲಲ್ಲಿ. ನೆರಳು ಬೀಳುತ್ತಿದ್ದದ್ದು ಅವಳ ಹೊಲಿಗೆ ಕೋಣೆಯ ತಗಡಿನ ಮೇಲೆ. ಬೇರು ನುಗ್ಗಿ ಅವನ ಅಡುಗೆಮನೆಯ ನೆಲ ಉಬ್ಬಿತು, ಬಚ್ಚಲ ನೀರು ಹೊರಗೆ ಹೋಗದೆ ಒಳಗೇ ನಿಲ್ಲತೊಡಗಿತು. ಹೆಂಡತಿಯ ಗೊಣಗಾಟ ತಾಳಲಾರದೆ ಅವನು ಮರ ಕಡಿಯುವವನನ್ನು ಕರೆಸಿದ. ಕೊಡಲಿ ಎತ್ತುವ ಮೊದಲೇ ಪುರಸಭೆಯ ಅಧಿಕಾರಿ ಬಾಗಿಲಲ್ಲಿದ್ದ. ಚಾಡಿ ಹೇಳಿದವಳು ಅತ್ತಿಗೆಯೇ.

“ನನ್ನ ಜಾಗ, ನನ್ನ ಮರ. ನಡುವೆ ನಿಮ್ಮದೇನ್ರೀ?”

“ಜಾಗ ನಿಮ್ಮದೇ. ಆದ್ರೆ ಇಷ್ಟು ದಪ್ಪ ಆದ ಮರ ಕಡಿಯೋಕೆ ನಮ್ಮ ಒಪ್ಪಿಗೆ ಬೇಕು. ಒಣಗಿದ್ರೆ ಮಾತು ಬೇರೆ. ಇದು ಗುಂಡುಕಲ್ಲಿನ ಹಾಗಿದೆ. ನೆಲ ರಿಪೇರಿ ಮಾಡಿಸ್ಕೊಳ್ಳಿ.”

ಗೋಡೆಯಾಚೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತ್ತು. ಅತ್ತಿಗೆ ಕಿವಿಗೊಟ್ಟು ಕೇಳುತ್ತಿದ್ದಾಳೆಂದು ತಿಳಿದು ಅವನಿಗೆ ಮೈಯೆಲ್ಲ ಉರಿಯಿತು.

‘ಒಣಗಿದ್ರೆ’ ಅನ್ನುವ ಮಾತು ತಲೆಯಲ್ಲಿ ಕೂತಿತು. ಅತ್ತಿಗೆ ದಾರ ತರಲು ಪೇಟೆಗೆ ಹೋದ ಒಂದು ಮಧ್ಯಾಹ್ನ ಅವನು ಬುಡದ ಸುತ್ತ ತೊಗಟೆ ಕೆತ್ತಿ, ಗಾಯಕ್ಕೆ ಮಣ್ಣು ಮೆತ್ತಿದ. ಹೆಂಡತಿ ನೋಡಿಯೂ ನೋಡದವಳಂತೆ ಒಳಗೆ ಹೋದಳು. ಎಲೆಗಳು ಹಳದಿಯಾಗಿ ಉದುರಿದವು. ಮುಂದಿನ ಬೇಸಿಗೆಗೆ ಮರದ ಅಸ್ಥಿಪಂಜರವಷ್ಟೇ ಉಳಿದಿತ್ತು.

ಅತ್ತಿಗೆಯ ಕೋಣೆ ಕಾದ ಬಾಣಲೆಯಾಯಿತು. ಒಣಕೊಂಬೆಯೊಂದು ಮುರಿದು ಬಿದ್ದು ತಗಡು ತೂತಾಯಿತು. ಅವಳು ಮತ್ತೆ ಪುರಸಭೆಗೆ ಓಡಿದಳು. ಅಧಿಕಾರಿ ಬಂದವನೇ ಬುಡದ ಮಣ್ಣು ಕೆರೆದು ನೋಡಿದ.

“ಇದು ತಾನಾಗಿ ಸತ್ತದ್ದಲ್ಲ. ದಂಡ ಕಟ್ಟಿ. ಮೊದಲು ಮರ ತೆಗೆಸಿ, ಇದೇ ಹಿತ್ತಲಲ್ಲಿ ಎರಡು ಸಸಿ ನೆಡಿ.”

ಕಡಿಯಲೇಬೇಕೆಂದು ಹಾರಾಡಿದವನು ಈಗ ಕಡಿಯಲೊಲ್ಲೆನೆಂದು ಜಗಲಿ ಮೇಲೆ ಕೂತುಬಿಟ್ಟ. “ಕಡೀತೀನಿ ಅಂದಾಗ ಬೇಡ ಅಂದ್ರಿ. ಈಗ ಇರ್ಲಿ ಬಿಡಿ. ಬಿದ್ರೆ ಯಾರ ಮೇಲೆ ಬೀಳುತ್ತೆ ಅಂತ ನಂಗೂ ಗೊತ್ತು.”

“ನಿನ್ನಣ್ಣ ಸತ್ತಾಗ್ಲೂ ಹೀಗೇ ಕೂತಿದ್ದೆ,” ಅತ್ತಿಗೆ ಗೋಡೆಯಾಚೆಯಿಂದ ಕೂಗಿದಳು. “ಹೆಗಲು ಕೊಡೋಕೂ ಏಳಲಿಲ್ಲ ನೀನು.”

ಅವನು ಜಗಲಿಯಿಂದ ಎದ್ದ. ಒಳಗೆ ಹೋಗಿ ಕದ ಹಾಕಿಕೊಂಡ.

ಕೊನೆಗೆ ಪುರಸಭೆಯ ಆಳುಗಳೇ ಬಂದು ಮರ ಉರುಳಿಸಿದರು. ಖರ್ಚು ಅವನ ತಲೆಗೇ ಬಂತು. ಸಸಿಗಳನ್ನು ಮಾತ್ರ ಅವನು ತಾನೇ ಕೈಯಾರೆ ನೆಟ್ಟ. ಎರಡನ್ನೂ ಗೋಡೆಗೆ ಒತ್ತಿ, ಅತ್ತಿಗೆಯ ಕೋಣೆಯ ಪಾಯದ ಪಕ್ಕಕ್ಕೇ ನೆಟ್ಟ. ಅವಳು ಅಧಿಕಾರಿಯನ್ನು ಎಳೆದುಕೊಂಡು ಬಂದಳು.

ಅಧಿಕಾರಿ ಹಣೆ ಒರೆಸಿಕೊಂಡ. “ಹಿತ್ತಲಲ್ಲೇ ನೆಟ್ಟಿದ್ದಾರಲ್ಲಮ್ಮ. ಯಾವ ಮೂಲೆ ಅಂತ ನಿಯಮದಲ್ಲಿಲ್ಲ. ಇನ್ನು ಇವನ್ನ ಕೀಳೋಕೂ ನಮ್ಮ ಒಪ್ಪಿಗೆ ಬೇಕು.”

ಅಂದಿನಿಂದ ಹಾರ್ನಪ್ಪ ಬೆಳಗಾದರೆ ಸಸಿಗಳಿಗೆ ನೀರು ಹೊರತೊಡಗಿದ.

“ಇವು ಮರ ಆಗೋ ಹೊತ್ತಿಗೆ ನೀವೂ ಇರಲ್ಲ, ಅವರೂ ಇರಲ್ಲ,” ಎಂದಳು ಹೆಂಡತಿ.

“ಅವಳ ಮನೆ ಇರುತ್ತಲ್ಲ,” ಎಂದು ಅವನು ಇನ್ನೊಂದು ಕೊಡ ತರಲು ನಲ್ಲಿಯ ಕಡೆ ನಡೆದ.