ಮೂರನೇ ಸಲದ ಒತ್ತಾಯ

ಊಟಕ್ಕೆ ಬರುವವರು ಏನು ಉಟ್ಟುಕೊಂಡು ಬರಬೇಕು ಎಂದು ಕರೆದವರೇ ಹೇಳಿ ಕಳಿಸುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಮ್ಮ ಕಡೆ ಹೊಲದಿಂದ ನೆಟ್ಟಗೆ ಬಂದವನೂ ಕೈಕಾಲು ತೊಳೆದುಕೊಂಡರೆ ಪಂಕ್ತಿಗೆ ಕೂರಬಹುದು. ಹಡಗಿನವರು ಮೊಬೈಲಿಗೆ ಬರೆದು ಕಳಿಸಿದ್ದರು: ಎರಡನೇ ಸಂಜೆಯ ಊಟಕ್ಕೆ ಗಂಡಸರಿಗೆ ಸೂಟು, ಟೈ, ಬೂಟು, ಹೆಂಗಸರಿಗೆ ಗೌನು ಇಲ್ಲವೇ ಸೀರೆ, ಚಪ್ಪಲಿಯವರಿಗೆ ಪ್ರವೇಶವಿಲ್ಲ. ಕೊನೆಯದೊಂದು ನನಗೆ ಒಪ್ಪಿಗೆಯಾಯಿತು, ಚಪ್ಪಲಿ ನಾವೂ ಹೊರಗೇ ಬಿಡುತ್ತೇವೆ. ಅವರ ಅರ್ಥ ಬೂಟು ಹಾಕಿಕೊಂಡೇ ಉಣ್ಣಬೇಕು ಅಂತ ಆಮೇಲೆ ತಿಳಿಯಿತು.

ನಮ್ಮದು ಹಂಸಭಾವಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಹೆಚ್ಚು ಬೀಜ ಮಾರಿದ ಅಂಗಡಿಯವರನ್ನು ಕಂಪನಿಯವರು ಹೆಂಡತಿ ಸಮೇತ ಎಲ್ಲಿಗಾದರೂ ಕರೆದೊಯ್ಯುತ್ತಾರೆ. ಆ ವರ್ಷ ಮುಂಬೈಯಿಂದ ಹೊರಡುವ ಹಡಗು. ನಮ್ಮವರು ಬೇಡ ಅನ್ನುವವರೇ. ಆದರೆ ಹಾನಗಲ್ಲಿನ ಇನ್ನೊಂದು ಬೀಜದ ಅಂಗಡಿಯವರೂ ಬರುತ್ತಿದ್ದರು, ಮತ್ತು ಅವರ ಮಗನಿಗೆ ನಮ್ಮ ಮಗಳನ್ನು ಕೊಡುವ ಮಾತು ನಡೆದಿತ್ತು. ಹುಡುಗ ಹುಡುಗಿ ಮಾತಾಡಿ ಒಪ್ಪಿಕೊಂಡಾಗಿತ್ತು. ಬಂದ ವರಗಳಿಗೆಲ್ಲ ಮೂಗು ಮುರಿದಿದ್ದ ನನ್ನ ಮಗಳು ಈ ಹುಡುಗನ ಹೆಸರು ಬಂದರೆ ತಲೆ ತಗ್ಗಿಸಿ ನಗುತ್ತಿದ್ದಳು. ಹಿರಿಯರು ಹೂಂ ಅನ್ನುವುದಷ್ಟೇ ಬಾಕಿ. ಈ ಸಂಬಂಧ ತಪ್ಪಬಾರದು ಎಂದು ನಾನು ಕಂಡ ದೇವರಿಗೆಲ್ಲ ಕೈ ಮುಗಿದಿದ್ದೆ.

ಮಾತು ತಂದವರು ಹತ್ತಿಮತ್ತೂರಿನ ನಮ್ಮ ಸೋದರಮಾವ. ಅವರು ಹೋಗುವಾಗ ಒಂದು ಮಾತು ಬಿಟ್ಟು ಹೋದರು. "ಹಾನಗಲ್ಲಿನವರು ಭಾಳ ಮುಂದುವರದ ಮಂದಿ. ಹಳ್ಳ್ಯಾರಂಗ ಇರಬ್ಯಾಡ್ರಿ ಅವರ ಮುಂದ."

ಅಲ್ಲಿಂದ ನಮ್ಮ ಮನೆಗೆ ಗ್ರಹಚಾರ ಹಿಡಿಯಿತು. ನಮ್ಮವರು ಮೊಬೈಲಿನಲ್ಲಿ ವಿಡಿಯೋ ನೋಡಿ ವೈನಿನ ಗ್ಲಾಸು ಹಿಡಿಯುವುದನ್ನು ಕಲಿಯತೊಡಗಿದರು. ಅವರ ಏಳು ತಲೆಮಾರಿನಲ್ಲಿ ಯಾರೂ ಕುಡಿದವರಲ್ಲ. ಮಜ್ಜಿಗೆ ಹುಳಿಯಾದರೆ ತಲೆನೋವು ಬರುತ್ತದೆ ಅನ್ನುವ ಮನುಷ್ಯ. ಹುಬ್ಬಳ್ಳಿಯಿಂದ ಕಾಲಿರುವ ಗಾಜಿನ ಗ್ಲಾಸು ತರಿಸಿ, ಕೋಕಂ ನೀರು ಹಾಕಿ, ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ಮೂಸುತ್ತಿದ್ದರು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಅದರಾಗ ಏನರ ಬಿದ್ದೈತೇನೋ ತಮ್ಮಾ?" ಎಂದರು.

ಇನ್ನು ಸೂಟು. ಮದುವೆಯಲ್ಲಿ ನನ್ನ ಅಪ್ಪ ಹೊಲಿಸಿ ಕೊಟ್ಟ ಸೂಟನ್ನು ಟ್ರಂಕಿನಿಂದ ತೆಗೆದರು. ಹೊಸದು ಹೊಲಿಸಿರಿ ಅಂದರೆ, "ಮಾವ ಕೊಟ್ಟದ್ದು, ಛಲೋ ಐತಿ" ಎಂದು ಹಟ. ಸವಣೂರಿನ ದರ್ಜಿ ಅದನ್ನು ತಿರುಗಿಸಿ ನೋಡಿ ನಯವಾಗಿ, "ಸಾಹೇಬ್ರ, ಅರಿವಿ ಎಷ್ಟು ಬಿಚ್ಚಿದ್ರೂ ಇರೂವಷ್ಟ ಇರತೈತ್ರಿ" ಎಂದ. ಆದರೂ ಹೊಲಿಗೆ ಬಿಚ್ಚಿಸಿಕೊಂಡೇ ಬಂದರು. ಗುಂಡಿ ಹಾಕಿದರೆ ಉಸಿರಾಡುವಂತಿಲ್ಲ, ಬಿಟ್ಟರೆ ಮರ್ಯಾದೆಯಲ್ಲ.

ಅಂತೂ ಎರಡನೇ ಸಂಜೆ ಬಂತು. ಹಾನಗಲ್ಲಿನವರು ಊಟದ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಹುಡುಗನ ತಂದೆಯೂ ಸೂಟಿನಲ್ಲಿ ಬೆವರುತ್ತಿದ್ದರು. ಹುಡುಗನ ತಾಯಿ ನೆಲಕ್ಕೆ ತಾಗುವ ನೀಲಿ ಗೌನು ತೊಟ್ಟಿದ್ದರು. ನಾನು ಇಳಕಲ್ ಸೀರೆ ಉಟ್ಟುಕೊಂಡು, ಸೋದರಮಾವ ಹೇಳಿದ್ದು ನಿಜವೇ ಅಂದುಕೊಂಡು ಒಳಗೊಳಗೇ ಕುಗ್ಗಿದೆ. ಆದರೆ ಆಕೆಯ ಕೈ ಮತ್ತೆ ಮತ್ತೆ ತಲೆಯ ಕಡೆ ಹೋಗುತ್ತಿತ್ತು, ಇಲ್ಲದ ಸೆರಗು ಎಳೆದುಕೊಳ್ಳಲು.

ಮೇಜಿನ ಮೇಲೆ ಕಂಪನಿಯ ಲೆಕ್ಕದಲ್ಲಿ ಕೆಂಪು ವೈನಿನ ಬಾಟಲಿ ಇತ್ತು. ಬಡಿಸುವವನು ನಾಲ್ಕೂ ಗ್ಲಾಸಿಗೆ ಹಾಕಲು ಬಂದ. ನಾವು ಹೆಂಗಸರು ತಲೆಯಾಡಿಸಿದೆವು, ಅವನು ಗಂಡಸರ ಗ್ಲಾಸಿಗೆ ಹಾಕಿ ಹೋದ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ನಮ್ಮವರು ವಿಡಿಯೋದಲ್ಲಿ ಕಂಡಂತೆ ಗ್ಲಾಸು ಎತ್ತಿ, "ತಗೋರಿ" ಎಂದರು.

"ಬ್ಯಾಡ್ರಿ, ನೀವು ತಗೋರಿ" ಎಂದರು ಹುಡುಗನ ತಂದೆ.

ನಮ್ಮ ಕಡೆಯ ಪಂಕ್ತಿಯಲ್ಲಿ ಕೂತವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಬೇಡ ಅಂದ ಕೂಡಲೇ ಬಿಟ್ಟರೆ ಬಡಿಸುವವನಿಗೆ ಮನಸ್ಸಿಲ್ಲ ಎಂದರ್ಥ. ಮೊದಲ ಸಲಕ್ಕೇ ಹಾಕಿಸಿಕೊಂಡರೆ ಉಣ್ಣುವವನು ಆಸೆಬುರುಕ. ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲದ ಒತ್ತಾಯಕ್ಕೆ ಸೋಲಬೇಕು. ಹೋಳಿಗೆ-ತುಪ್ಪಕ್ಕೆ ಮಾಡಿದ ಈ ಪದ್ಧತಿಯನ್ನು ಇಬ್ಬರೂ ವೈನಿಗೆ ಹಚ್ಚಿದರು.

"ಒಂದ ಗುಟುಕರ ತಗೋರಿ."

"ಬ್ಯಾಡ್ರಿ, ಭಾಳ ಆಕ್ಕೈತಿ."

"ಹಂಗಂದ್ರ ಹೆಂಗ್ರಿ? ನಮ್ಮ ಮಾತಿಗೆ ಕಿಮ್ಮತ್ತ ಇಲ್ಲೇನು?"

ಆ ಮನುಷ್ಯ ಕಣ್ಣು ಮುಚ್ಚಿ, ಕಷಾಯ ಕುಡಿಯುವ ಮಗುವಿನಂತೆ ಒಂದು ಗುಟುಕು ಇಳಿಸಿದರು. ಆಮೇಲೆ ಅವರ ಸರದಿ. ಅವರು ಒತ್ತಾಯ ಮಾಡಿದರು, ನಮ್ಮವರು ಎರಡು ಸಲ ಬೇಡ ಅಂದು ಮೂರನೆಯದಕ್ಕೆ ಕುಡಿದರು. ನಾನು ಮೇಜಿನ ಕೆಳಗೆ ನಮ್ಮವರ ಕಾಲು ತುಳಿದೆ. ಬೂಟು, ಎಲ್ಲಿ ತಿಳಿಯಬೇಕು. ಬಡಿಸಿದ್ದನ್ನು ಬಿಟ್ಟು ಏಳಬಾರದು ಎಂಬ ಸಂಸ್ಕಾರ ಬೇರೆ ಇಬ್ಬರಿಗೂ. ಮುಖ ಕಿವುಚಿಕೊಂಡು ಪೂರ್ತಿ ಮುಗಿಸಿದರು. ಹಡಗಿನ ಪದ್ಧತಿಯಲ್ಲಿ ಖಾಲಿ ಗ್ಲಾಸು ಅಂದರೆ ಇನ್ನೂ ಬೇಕು ಎಂದರ್ಥವಂತೆ. ಬಡಿಸುವವನು ಬಂದು ಮತ್ತೆ ತುಂಬಿದ. ಇಬ್ಬರೂ ಮತ್ತೆ ಒತ್ತಾಯ ಶುರು ಹಚ್ಚಿಕೊಂಡರು.

ಹುಡುಗನ ತಾಯಿ ತಟ್ಟನೆ ಎದ್ದು ಹೊರಗೆ ಹೋದರು. ನಾನೂ ಹಿಂದೆ ಓಡಿದೆ.

ಆಕೆ ಹಡಗಿನ ಕಟಕಟೆ ಹಿಡಿದು ನಿಂತಿದ್ದರು. "ಅಕ್ಕಾರ, ಸಿಟ್ಟಾಗಬ್ಯಾಡ್ರಿ," ಎಂದರು. "ನಮ್ಮಣ್ಣ ಕುಡದು ಕುಡದು ಸತ್ತ. ಅವನ ಹೇಣ್ತಿ, ನಮ್ಮ ವೈನಿ, ಪಟ್ಟ ಪಾಡು ನಾ ಕಣ್ಣಾರೆ ಕಂಡೇನಿ. ನಿಮ್ಮನ್ಯಾಗ ಇದು ನಡೀತೈತಿ ಅಂತ ಗೊತ್ತಿದ್ರ ನಾವು ಇಷ್ಟು ಮುಂದ ಬರ್ತಿದ್ದಿಲ್ಲ. ಹುಡುಗಿ ಛಲೋ ಅದಾಳ. ಆದ್ರ ಈ ಸಂಬಂಧ ಬ್ಯಾಡ್ರಿ."

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಮಗಳ ಬಾಳು ಒಂದು ಗ್ಲಾಸಿನ ಕಾಲಿಗೆ ಬಿದ್ದಿತ್ತು.

"ನಮ್ಮವರು ಹುಳಿ ಮಜ್ಜಿಗಿ ಸೈತ ಮುಟ್ಟಂಗಿಲ್ಲರಿ," ಎಂದೆ. "ನೀವು ಮುಂದುವರದ ಮಂದಿ, ಕುಡೀಲಿಲ್ಲಂದ್ರ ನಮ್ಮನ್ನ ಹಳ್ಳ್ಯಾರು ಅಂತೀರಿ ಅಂತ ಅಂಜಿ ಹಿಡದಾರ."

"ನಾವು ಮುಂದುವರದ ಮಂದಿ ಅಂತ ಯಾರ ಹೇಳಿದ್ರು?"

"ಹತ್ತಿಮತ್ತೂರಿನ ಮಾವನೋರು."

ಆಕೆ ನನ್ನನ್ನೇ ದಿಟ್ಟಿಸಿದರು. "ನಿಮ್ಮ ಬಗ್ಗೆ ನಮಗೂ ಅವರು ಅದನ್ನ ಹೇಳ್ಯಾರ." ತನ್ನ ಗೌನಿನ ಕಡೆ ನೋಡಿಕೊಂಡರು. "ಅದಕ್ಕಂತ ಈ ಚೀಲ ಹಾಕ್ಕೊಂಡು ನಿಂತೇನಿ."

ನನಗೆ ನಗು ಬಂತು. ಆಕೆ ನಗಲಿಲ್ಲ. "ನೀವು ಹೇಳಿದ್ದು ಖರೆ ಏನು, ಅವರ ಬಾಯಿಂದ ಕೇಳೂಣು ಬರ್ರಿ" ಎಂದು ಮುಂದೆ ನಡೆದರು.

ಒಳಗೆ ಇಬ್ಬರೂ ಕೆಂಪಾಗಿ ಕೂತಿದ್ದರು. ಆಕೆ ನೇರವಾಗಿ ತನ್ನ ಗಂಡನನ್ನು ಕೇಳಿದರು. "ನಿಮಗ ಇದು ಬೇಕೇನ್ರಿ?"

"ಬ್ಯಾಡ."

"ಮತ್ತ?"

"ಬ್ಯಾಡ ಅಂದ್ನಲ್ಲ. ಅವರು ಬಿಡಬೇಕಲ್ಲ."

ನಮ್ಮವರ ಕಡೆ ತಿರುಗಿದರು. "ನಿಮಗ?"

ನಮ್ಮವರು ಒಮ್ಮೆ ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನು ಕಂಡರೋ, ಸೂಟಿನ ಗುಂಡಿ ಬಿಚ್ಚಿ ಉದ್ದಕ್ಕೆ ಉಸಿರು ಬಿಟ್ಟರು. "ನನಗೂ ಬ್ಯಾಡ್ರಿ. ಹುಣಸಿ ನೀರು ಕೊಳತಂಗ ಐತಿ. ಎಂದೂ ಕುಡದಾಂವ ಅಲ್ಲ ನಾ. ಗಂಟಲಾ ಉರಿಯಾಕತ್ತೈತಿ."

ಅಷ್ಟರಲ್ಲಿ ಬಡಿಸುವವನು ಬಾಟಲಿ ಹಿಡಿದು ಬಂದ. ನಾವಿಬ್ಬರೂ ಹೆಂಗಸರು ಒಟ್ಟಿಗೇ ಗ್ಲಾಸುಗಳ ಮೇಲೆ ಕೈ ಇಟ್ಟೆವು. ನಮ್ಮ ಊರಲ್ಲಾದರೆ ಎಲೆಗೆ ಅಡ್ಡ ಹಿಡಿದ ಬೆರಳ ಸಂದಿಯಲ್ಲೇ ತುಪ್ಪ ಸುರಿಯುತ್ತಾರೆ. ಅವನು ತಲೆಬಾಗಿಸಿ ಹೊರಟೇ ಹೋದ. ಆ ಹಡಗಿನಲ್ಲಿ ನನಗೆ ಮನಸಾರೆ ಹಿಡಿಸಿದ ಪದ್ಧತಿ ಅದೊಂದೇ.

ಹುಡುಗನ ತಾಯಿ ಕುರ್ಚಿ ಎಳೆದು ಕೂತರು. "ಅಕ್ಕಾರ, ನಿಮ್ಮ ಹುಡುಗಿಗೆ ಏನೇನ ಸೇರತೈತಿ ಹೇಳ್ರಿ" ಎಂದು ನನ್ನನ್ನು ಕೇಳಿದರು. ನನ್ನ ಕಣ್ಣು ತುಂಬಿ ಬಂತು.

ನಿಶ್ಚಯದ ಊಟ ಹಾನಗಲ್ಲಿನಲ್ಲಾಯಿತು. ಬೂಟಿಲ್ಲ, ಸೂಟಿಲ್ಲ, ನಮ್ಮವರು ಬಿಳಿ ಧೋತರದಲ್ಲಿ ಹಾಯಾಗಿ ಎಲೆಯ ಮುಂದೆ ಕೂತಿದ್ದರು. ಬೀಗತಿಯೇ ತಲೆ ತುಂಬ ಸೆರಗು ಹೊದ್ದು ಹೋಳಿಗೆ ಬಡಿಸಲು ಬಂದರು. ಹಿಂದೆ ತುಪ್ಪದ ತಂಬಿಗೆ. ಹೋಳಿಗೆ ಅಂದರೆ ನಮ್ಮವರಿಗೆ ಪ್ರಾಣ. ಒಂದು ಮುಗಿಸಿ ಎರಡನೆಯದಕ್ಕೆ ಕಾಯುತ್ತಿದ್ದರು.

"ಬೀಗರ, ಇನ್ನೊಂದು ಹೋಳಿಗಿ?"

"ಬ್ಯಾಡ್ರಿ, ಸಾಕು" ಎಂದರು ಇವರು, ರೂಢಿಯಂತೆ, ಎಲೆಗೆ ಅರ್ಧ ಕೈ ಅಡ್ಡ ಹಿಡಿದು.

"ಆತ್ರಿ" ಎಂದು ಬೀಗತಿ ಮುಂದಿನ ಎಲೆಗೆ ಹೋದರು. ತುಪ್ಪವೂ ಅವರ ಹಿಂದೆ ಹೋಯಿತು.

ನಮ್ಮವರು ಖಾಲಿ ಎಲೆ ನೋಡಿದರು, ದೂರವಾಗುತ್ತಿದ್ದ ಬುಟ್ಟಿ ನೋಡಿದರು, ಕಡೆಗೆ ನನ್ನನ್ನು ನೋಡಿದರು. ನಾನು ನನ್ನ ಎರಡನೇ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿಕೊಂಡೆ. ನನ್ನನ್ನು ಕೇಳಿದಾಗ ನಾನು ಮೊದಲ ಸಲಕ್ಕೇ ಹೂಂ ಅಂದಿದ್ದೆ.