ಫೋಟೋದ ಅಂಚಿನಲ್ಲಿ ನಿಂತ ಮುನಿಯಮ್ಮ

"ಇವಳು ಮನೆಯ ಆಯಾ" ಎಂದು ಬ್ರೆಂಡನ್ ಡೂಲನ್ ಬೆರಳಿಟ್ಟು ತೋರಿಸಿದ್ದು ನನ್ನ ಮುತ್ತಜ್ಜಿಯನ್ನು. ಅದೂ ಎಲ್ಲಿ? ಟೋಕಿಯೋದ ಮಿನಾಟೋದಲ್ಲಿ, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಒಂದು ಸಮುದಾಯ ಭವನದಲ್ಲಿ. ಕೆಜಿಎಫ್‌ನ ನಮ್ಮ ಮನೆಯ ಗೋಡೆಯಲ್ಲಿ ಹುಟ್ಟಿದಾಗಿನಿಂದ ನೋಡಿದ ಫೋಟೋದ ಇನ್ನೊಂದು ಪ್ರತಿ ಆಸ್ಟ್ರೇಲಿಯಾದಲ್ಲಿ ಬೆಳೆದ ಈ ಕೆಂಪು ಮೋರೆಯವನ ಕೈಯಲ್ಲಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ಆದರೆ ಜಪಾನಿನಲ್ಲಿ ದನಿ ಎತ್ತುವ ಹಾಗಿಲ್ಲ. ಕಾಲಲ್ಲಿ ಭವನದವರು ಕೊಟ್ಟ ಪ್ಲಾಸ್ಟಿಕ್ ಚಪ್ಪಲಿ ಬೇರೆ. ಅದನ್ನು ಹಾಕಿಕೊಂಡು ಯಾರೂ ಸರಿಯಾಗಿ ಜಗಳ ಆಡಲಾರರು.

ನಾನು ಅಲ್ಲಿಗೆ ಹೋದ ಕಾರಣವನ್ನು ಮೊದಲು ಹೇಳಬೇಕು. ಕಂಪನಿ ನನ್ನನ್ನು ಟೋಕಿಯೋ ಪಕ್ಕದ ಕಾವಾಸಾಕಿ ಊರಿನ ಕಾರ್ಖಾನೆಯ ಗುಣಮಟ್ಟ ವಿಭಾಗಕ್ಕೆ ಕಳಿಸಿ ಎರಡು ವರ್ಷವಾಯಿತು. ಬಂದ ಹೊಸದರಲ್ಲಿ ಐದು ಮನೆ ನೋಡಿದೆ, ಐದೂ ಸಿಗಲಿಲ್ಲ. ಏಜೆಂಟು ಮಾಲೀಕರಿಗೆ ಫೋನ್ ಮಾಡಿ, ಕಾಣದ ಅವರಿಗೂ ತಲೆಬಾಗಿ, ಫೋನಿಟ್ಟು, ಎದೆಯ ಮುಂದೆ ಎರಡು ಕೈ ಅಡ್ಡಡ್ಡ ಹಿಡಿಯುತ್ತಿದ್ದ. ವಿದೇಶಿಯರಿಗೆ ಇಲ್ಲ ಎಂದು ಅರ್ಥ. ಬೆಂಗಳೂರಿನಲ್ಲೂ ಮನೆ ಕೊಡದವರನ್ನು ಕಂಡಿದ್ದೇನೆ. ನನ್ನ ಹೆಸರೂ ಡೂಲನ್, ಶೀಲಾ ಡೂಲನ್. "ಡೂಲನ್ ಅಂದ್ರೆ ಯಾವ್ ಜನ? ನಾನ್‌ವೆಜ್ ಮಾಡ್ತೀರಾ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳುತ್ತಾರೆ, ನಾವೂ ನಾಲ್ಕು ಮಾತು ತಿರುಗಿಸಿ ಆಡಿ ಬರಬಹುದು. ಇಲ್ಲಿ 'ಸುಮಿಮಾಸೆನ್', ಅಂದರೆ ಕ್ಷಮಿಸಿ, ಎಂದು ಹೇಳಿಯೇ ಬಾಗಿಲು ಹಾಕುತ್ತಾರೆ. ಬೈಯೋಣವೆಂದರೆ ಎದುರಿಗೆ ಯಾರೂ ಇರುವುದಿಲ್ಲ.

ಆರನೆಯ ಮನೆ ಸಿಕ್ಕಿತು. ಒಲೆಯ ಪಕ್ಕವೇ ಬಚ್ಚಲು, ಕಿಟಕಿ ತೆರೆದರೆ ರೈಲು. ಕೊಂಬಿನಿ ಎನ್ನುವ, ಮೂಲೆಮೂಲೆಗೊಂದಿರುವ ಅಂಗಡಿಯಲ್ಲಿ ಅನ್ನದುಂಡೆ ಕೊಂಡು ತಿನ್ನುತ್ತಿದ್ದೆ. ಮೀನಿಲ್ಲದ್ದೆಂದು ತಂದದ್ದರೊಳಗೂ ಮೀನಿನ ಪುಡಿ ಇರುತ್ತಿತ್ತು. ಮೀನು ನನಗೆ ಆಗದ್ದೇನಲ್ಲ, ಆದರೆ ಮೋಸ ಹೋದದ್ದಕ್ಕೆ ಸಿಟ್ಟು. ರೈಲಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಉಳಿಯುವುದನ್ನು ಲೆಕ್ಕಿಸದಿರಲು ಕಲಿತೆ. ನಮ್ಮ ಕನ್ನಡದವರ ಯುಗಾದಿ ಊಟಕ್ಕೆ ಟೋಕಿಯೋದ ಕೋಟೋಗೆ ಹೋದರೆ ಮೈಸೂರಿನ ಒಬ್ಬ ಹೆಂಗಸು, "ಅಯ್ಯೋ, ನೀವು ಕನ್ನಡದವ್ರಾ? ಹೆಸ್ರು ನೋಡಿ ಗೋವಾದವ್ರು ಅಂದ್ಕೊಂಡೆ. ಆದ್ರೂ ಕನ್ನಡ ಎಷ್ಟ್ ಚೆನ್ನಾಗ್ ಮಾತಾಡ್ತೀರಾ!" ಎಂದು ಮೆಚ್ಚಿಕೊಂಡಳು. ಅರ್ಧ ತಿಂದ ಹೋಳಿಗೆಯನ್ನು ಹಾಗೇ ಬಿಟ್ಟು ಎದ್ದುಬಂದೆ.

ಆಗ ಕಂಡದ್ದು ಟೋಕಿಯೋದ ಐರಿಶ್ ಕೂಟದವರು ಅಂಟಿಸಿದ್ದ ಒಂದು ಚೀಟಿ. ಹಿರಿಯರು ಐರ್ಲೆಂಡಿನಿಂದ ಹೊರಟವರಾಗಿದ್ದರೆ ಬನ್ನಿ, ಕಾಗದಪತ್ರ ತನ್ನಿ, ಎಲ್ಲರ ವಂಶವೃಕ್ಷ ಬರೆದು ಗೋಡೆಗೆ ಹಾಕೋಣ ಎಂದಿತ್ತು. ನನ್ನ ತಂದೆಗೆ ಫೋನ್ ಮಾಡಿ ಓದಿ ಹೇಳಿದೆ. ಡ್ಯಾಡಿಗೆ ಎಂಬತ್ತರ ಹತ್ತಿರ. ಗಣಿ ಮುಚ್ಚಿ, ಕೆಲಸ ಹೋಗಿ, ಊರೇ ಖಾಲಿಯಾದರೂ "ನಾವು ಐರಿಶ್‌ನೋರು" ಎನ್ನುವ ಒಂದು ಮಾತನ್ನು ಹಿಡಿದುಕೊಂಡೇ ಬದುಕಿದ ಮನುಷ್ಯ. "ಹೋಗಮ್ಮಾ ಶೀಲಾ, ಹೋಗು! ನನ್ ಹೆಸ್ರೂ ಗೋಡೆ ಮೇಲೆ ಆಕ್ತಾರಾ ಕೇಳು" ಎಂದರು. ಚರ್ಚಿನ ಮದುವೆ ದಾಖಲೆಯ ಹಳೆಯ ಪ್ರತಿಯನ್ನೂ ಆ ಫೋಟೋವನ್ನೂ ಫೋನಿನಲ್ಲಿ ಕಳಿಸಿದರು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಜಪಾನಿಗೆ ಬಂದ ಇಬ್ಬರು ಡೂಲನ್‌ಗಳು ಎದುರಾಗಲೇಬೇಕಿತ್ತು ಎನಿಸುತ್ತದೆ. ಬ್ರೆಂಡನ್ ಬ್ಯಾಂಕಿನವನು, ಹದಿನೈದು ವರ್ಷದಿಂದ ಟೋಕಿಯೋವಾಸಿ, ಆ ಕೂಟದ ಮುಖ್ಯಸ್ಥ. ಅವನ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ. "ಪೀಟರ್ ಡೂಲನ್ ಕೋಲಾರದ ಚಿನ್ನದ ಗಣಿಗೆ ಹೋದ. ಹೆಂಡತಿ ಮೇರಿ, ಐರ್ಲೆಂಡಿನ ಕಾರ್ಕ್ ಊರಿನವಳು, ಅಲ್ಲೇ ಜ್ವರದಿಂದ ತೀರಿಕೊಂಡಳು. ಅವನು ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಆಸ್ಟ್ರೇಲಿಯಾಕ್ಕೆ ಬಂದ."

"ಮೂವರು" ಎಂದೆ. "ಬೆಳ್ಳಗಿದ್ದ ಇಬ್ಬರನ್ನು ಕರೆದುಕೊಂಡು ಹೋದ. ಕಪ್ಪಗಿದ್ದವನನ್ನು ಬಿಟ್ಟುಹೋದ. ಫೋಟೋದಲ್ಲಿ ಆಯಾ ಎತ್ತಿಕೊಂಡಿರುವ ಕೂಸೇ ಅವನು, ನನ್ನ ತಾತ. ಎತ್ತಿಕೊಂಡವಳು ಮೂವರಿಗೂ ತಾಯಿ, ನೀನು ಹೇಳುವ ಮೇರಿ ಅವಳೇ."

ಇದು ಗಣಿಯ ಬಂಗಲೆಗಳ ಪದ್ಧತಿ. ಕೆಲಸಕ್ಕೆ ಬಂದ ಹೆಂಗಸಿನ ಹೆಸರು ಮುನಿಯಮ್ಮನೋ ಯಲ್ಲಮ್ಮನೋ, ದೊರೆಗಳ ಬಾಯಿಗೆ ಎಲ್ಲರೂ ಮೇರಿ. ಪೀಟರ್ ಆಕೆಗೆ ಕ್ರೈಸ್ತ ದೀಕ್ಷೆ ಕೊಡಿಸಿ ಮದುವೆಯನ್ನೂ ಆದ. ಆದರೆ ಕ್ಲಬ್ಬಿನ ಜನ ಮನೆಗೆ ಬಂದಾಗ, ಕ್ಯಾಮೆರಾದವನು ಬಂದಾಗ, ಹೆಂಡತಿ ಮಗು ಎತ್ತಿಕೊಂಡು ಪಕ್ಕಕ್ಕೆ ನಿಂತು ಆಯಾ ಆಗಿಬಿಡಬೇಕು. ಇದನ್ನೆಲ್ಲ ನನಗೆ ಹೇಳಿದ್ದು ಡ್ಯಾಡಿಯ ಅಕ್ಕ, ನನ್ನ ಅತ್ತೆ. ಮುನಿಯಮ್ಮ ರಾಗಿಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದುದು ಅವರಿಗೆ ಸಾಯುವವರೆಗೂ ನೆನಪಿತ್ತು.

ಬ್ರೆಂಡನ್ ತಾಳ್ಮೆಯಿಂದ ನಕ್ಕ. "ಕಥೆ ಚೆನ್ನಾಗಿದೆ. ಕಾಗದ ಇದೆಯೇ?"

ಇದೆ ಎಂದು ಫೋನು ಚಾಚಿದೆ. 'ಮೇರಿ' ಎಂದಿತ್ತು. ಮುಂದೆ ಮಸುಕು. ಅವನು ಎರಡು ಬೆರಳಿನಲ್ಲಿ ಹಿಗ್ಗಿಸಿದ. ಪುಟದ ಗೆರೆ ಆ ಜಾಗದಲ್ಲಿ ಮಾತ್ರ ತುಂಡಾಗಿತ್ತು. "ಇಲ್ಲಿ ಯಾರೋ ಕೆರೆದಿದ್ದಾರೆ" ಎಂದ. "ನಮ್ಮ ಕಡೆಯವರಂತೂ ಅಲ್ಲ."

ಕಾವಾಸಾಕಿಗೆ ಹೇಗೆ ವಾಪಸು ಬಂದೆನೋ ತಿಳಿಯದು. ಬಂದವಳೇ ಡ್ಯಾಡಿಗೆ ಫೋನ್ ಮಾಡಿ ಬ್ರೆಂಡನ್ ಆಡಿದ ಮಾತು ಹೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಕೇಳುವ ಮುಂಚೆಯೇ ಅವರ ದನಿ ಏರಿತು.

"ಬ್ಲೇಡ್ನಾಗೆ ನಾನೇ ಕೆರೆದಿದ್ದು, ಏನಿವಾಗ? ನಿಮ್ಮಮ್ಮನ ಮನೆಯೋರು ಬೆಂಗ್ಳೂರ್ನೋರು. ಮದ್ವೆ ಮಾತಿಗೆ ಕಾಗ್ದ ಕೇಳಿದ್ರು. ಮುನಿಯಮ್ಮ ಅಂತ ಇದ್ರೆ ಎಣ್ಣು ಕೊಡ್ತಿದ್ರಾ? ಕೆರೀದೆ ಇದ್ದಿದ್ರೆ ನೀನೇ ಉಟ್ತಿರ್ಲಿಲ್ಲ!"

"ಆ ಮುನಿಯಮ್ಮನ ಕೈತುತ್ತು ತಿಂದಿದೀರಲ್ಲ ಡ್ಯಾಡಿ."

"ತಿಂದಿದೀನಿ. ಅದ್ಕೇನ್ ಮಾಡ್ಲಿ?"

"ಚರ್ಚಿಗೆ ಹೋಗಿ. ಮೂಲ ಪುಸ್ತಕದಲ್ಲಿ ಆ ಹೆಸ್ರು ಇದ್ಯಾ ನೋಡಿ ಫೋಟೋ ಕಳ್ಸಿ."

"ಫಾದರ್ ಏನಂದ್ಕೊಂತಾರೆ? ಮೇರೀನೇ ಇರ್ಲಿ ಬಿಡಮ್ಮಾ. ಅವ್ನು ನಮ್ಮುನ್ನ ಸೇರುಸ್ಕೊಂಡ್ರೆ ಸಾಕು."

ಅಂದು ನಾನು ತಂದೆಗೆ ಆಡಬಾರದ ಮಾತು ಆಡಿದೆ. ಇಲ್ಲಿ ಬರೆಯುವುದಿಲ್ಲ. ನನ್ನ ಹುಟ್ಟಿಗೇ ಆ ಬ್ಲೇಡು ಕಾರಣ ಎಂದ ಮೇಲೆ ನನಗೆ ಅವರ ಮೇಲೆ ಮಾತ್ರವಲ್ಲ, ನನ್ನ ಮೇಲೂ ಅಸಹ್ಯವಾಯಿತು.

ಐದನೆಯ ದಿನ ಕಾರ್ಖಾನೆಯಲ್ಲಿದ್ದಾಗ ಒಂದು ಫೋಟೋ ಬಂತು. ಹಳದಿ ಪುಟ, ಪಾದ್ರಿಯ ಓರೆ ಬರಹ. 'ಮೇರಿ, ಮೊದಲು ಮುನಿಯಮ್ಮ, ಮಾರಿಕುಪ್ಪಂ' ಎಂದು ಇಂಗ್ಲಿಷಿನಲ್ಲಿತ್ತು. ಹೆಸರಿನ ಪಕ್ಕ ಗಂಟು ಊದಿದ ಡ್ಯಾಡಿಯ ಬೆರಳು. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಬ್ರೆಂಡನ್‌ಗೆ ಕಳಿಸಿದೆ. ಉತ್ತರ ಬರಲು ವಾರ ಹಿಡಿಯಿತು. "ದಾಖಲೆ ನಿಜವೇ ಇರಬಹುದು. ಆದರೆ ನನ್ನ ತಾಯಿಗೆ ವಯಸ್ಸಾಗಿದೆ, ಕಾರ್ಕ್‌ನ ಮೇರಿಯ ಹೆಸರಿನಲ್ಲಿ ಪ್ರತಿವರ್ಷ ಚರ್ಚಿನಲ್ಲಿ ಪೂಜೆ ಮಾಡಿಸುತ್ತಾಳೆ. ನಿನ್ನ ಕವಲನ್ನು ಸಂತೋಷದಿಂದ ಸೇರಿಸುತ್ತೇನೆ. ಮೇರಿಯನ್ನು ಇದ್ದ ಹಾಗೆ ಬಿಡೋಣ." ಮುನಿಯಮ್ಮನ ಹೆಸರಿಲ್ಲದಿದ್ದರೆ ನನ್ನದೂ ಬೇಡ ಎಂದು ಬರೆದೆ.

ವಂಶವೃಕ್ಷಗಳನ್ನು ಗೋಡೆಗೆ ಹಾಕಿದ ಭಾನುವಾರ ಕರೆಯದಿದ್ದರೂ ಹೋದೆ. ಡೂಲನ್ನರದೇ ಎಲ್ಲಕ್ಕಿಂತ ದೊಡ್ಡದು. ನಡುವೆ ಆ ಫೋಟೋ. ಪೀಟರ್, ಪಕ್ಕದಲ್ಲಿ ಕಾರ್ಕ್‌ನ ಮೇರಿ, ಕೆಳಗೆ ಮೂರು ಕವಲು. ಮೂರನೆಯದರ ತುದಿಯಲ್ಲಿ ಬೇಡವೆಂದರೂ ನನ್ನ ಹೆಸರಿತ್ತು. ಅದರ ಮೇಲೆ ಡ್ಯಾಡಿಯದು, ಆಂಟನಿ ಡೂಲನ್, ಹಸಿರು ಶಾಯಿಯಲ್ಲಿ, ಅಂದವಾದ ಅಕ್ಷರದಲ್ಲಿ. ಹರಿದು ಹಾಕಲು ಕೈ ಎತ್ತಿದವಳು ಅದನ್ನು ಕಂಡು ನಿಂತೆ. ಜೀವಮಾನವೆಲ್ಲ ಆ ಮುದುಕ ಬೇಡಿದ್ದು ಇದೊಂದನ್ನೇ. ಅದು ಸುಳ್ಳಿನ ಕೊಂಬೆಯಿಂದ ನೇತಾಡುತ್ತಿತ್ತು. ಫೋನಿನಲ್ಲಿ ಚಿತ್ರ ತೆಗೆದೆ, ಕಳಿಸಲಿಲ್ಲ. ಕೋಲಾರದಲ್ಲಿ ನಾನು ದೊರೆಯ ಮನೆಯವಳು, ಕೋಟೋದಲ್ಲಿ ಗೋವಾದವಳು, ಕಾವಾಸಾಕಿಯಲ್ಲಿ ಮನೆ ಕೊಡಬಾರದವಳು. ಜಾಗ ಕೊಟ್ಟವನು ಇವನೊಬ್ಬನೇ, ಮುತ್ತಜ್ಜಿಯನ್ನು ಹೊರಗಿಟ್ಟು.

ಭವನವನ್ನು ನೋಡಿಕೊಳ್ಳುವ ಓಕಾ-ಸಾನ್ ಎನ್ನುವ ಮುದುಕಿ ಬಳಿಗೆ ಬಂದು, "ನೀವು ಈ ಮನೆತನದವರೇ?" ಎಂದು ನನಗೆ ತಿಳಿಯುವಂಥ ಸರಳ ಜಪಾನಿಯಲ್ಲಿ ಕೇಳಿದರು. ಎರಡು ಹೆಜ್ಜೆ ಆಚೆ ಬ್ರೆಂಡನ್ ಅತಿಥಿಗಳ ಜೊತೆ ನಿಂತಿದ್ದ.

"ಹೌದು" ಎಂದೆ, ನನ್ನ ಹರಕು ಜಪಾನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ಆ ಅಂಚಿನಲ್ಲಿ ಮಗು ಎತ್ತಿಕೊಂಡು ನಿಂತಿರುವ ಆಯಾ ಇದ್ದಾಳಲ್ಲ, ಮುನಿಯಮ್ಮ ಅಂತ, ನಾನು ಅವಳ ಮರಿಮೊಮ್ಮಗಳು."

ಓಕಾ-ಸಾನ್ ಫೋಟೋ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬ್ರೆಂಡನ್ ಕಡೆಗೆ ತಿರುಗಿದರು. "ಹಾಗಾದರೆ ಇವರು?"

"ಇವರು ಅವಳ ಮರಿಮೊಮ್ಮಗ."

ಬ್ರೆಂಡನ್‌ಗೆ ಜಪಾನಿ ಭಾಷೆ ನನಗಿಂತ ಚೆನ್ನಾಗಿ ಬರುತ್ತದೆ.